ಇನ್ನೊಂದ್ಸಲ ಮೇಸ್ತ್ರಿ

ನನ್ನ ಮೈದುನನಿಗೆ ಹೆತ್ತವರು ಇಟ್ಟ ಹೆಸರು ಈಗ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮಾತ್ರ ಉಳಿದಿದೆ. ಬೀದಿಯವರಿಗೆಲ್ಲ ಅವನು 'ಇನ್ನೊಂದ್ಸಲ ಮೇಸ್ತ್ರಿ'. ಕಾರಿನ ಕೆಲಸ ಮುಗಿದು, ಬಾನೆಟ್ ಮುಚ್ಚಿ, ಗಿರಾಕಿ ಒಳಗೆ ಕೂತು ಕೀಲಿ ತಿರುಗಿಸಬೇಕು ಅನ್ನುವಾಗ ಇವನು ಮುಂದೆ ಬಂದು ಕೈ ಅಡ್ಡ ಹಿಡಿಯುತ್ತಾನೆ. "ಒಂದ್ನಿಮಿಷ ಇರಿ, ಇನ್ನೊಂದ್ಸಲ ನೋಡ್ಬಿಡ್ತೀನಿ." ಬಾನೆಟ್ ಮತ್ತೆ ಏಳುತ್ತದೆ. ಬಿಗಿ ಮಾಡಿದ ಬೋಲ್ಟುಗಳಿಗೆಲ್ಲ ಮತ್ತೆ ಸ್ಪ್ಯಾನರ್ ಬೀಳುತ್ತದೆ. ಕೆಲವರು ಗೊಣಗಿಕೊಂಡು, ಕೆಲವರು ಗಡಿಯಾರ ನೋಡಿಕೊಂಡು ಕಾಯುತ್ತಾರೆ. ಆದರೂ ಬರುವುದು ಇಲ್ಲಿಗೇ. ಅವನ ಕೈಯಿಂದ ಹೋದ ಗಾಡಿ ಅದೇ ದೂರು ಹೊತ್ತು ವಾಪಸ್ ಬಂದಿದ್ದನ್ನು ನಾನಂತೂ ಕಂಡಿಲ್ಲ.

ಮನೆಯಲ್ಲೂ ಇದೇ ಪಾಡು. ಬೀಗ ಹಾಕಿ ನಾಲ್ಕು ಹೆಜ್ಜೆ ನಡೆದು, ಹಿಂದಿರುಗಿ ಎಳೆದು ನೋಡುತ್ತಾನೆ. ಒಲೆ ಆರಿಸಿದವಳು ನಾನು, ಬಂದು ಮುಟ್ಟಿ ನೋಡುವವನು ಅವನು. ಮದುವೆಯ ಮಾತೆತ್ತಿದಾಗಲೆಲ್ಲ "ಇನ್ನೊಂದ್ಸಲ ಯೋಚನೆ ಮಾಡ್ತೀನಿ ಅತ್ತಿಗೆ" ಎನ್ನುತ್ತಲೇ ನಲವತ್ತು ದಾಟಿದ. "ನೀನು ಯೋಚನೆ ಮುಗಿಸೋ ಹೊತ್ತಿಗೆ ಆ ಹುಡುಗಿ ಅಜ್ಜಿ ಆಗಿರ್ತಾಳೆ ಕಣಪ್ಪ" ಎಂದು ಎಷ್ಟೋ ಸಲ ರೇಗಿಸಿದ್ದೇನೆ. ನನ್ನ ಬಾಯಿ ಮೊದಲಿಂದಲೂ ಸ್ವಲ್ಪ ಜೋರು. ಅವನು ನಕ್ಕು ಎದ್ದು ಹೋಗಿ ಮತ್ತೊಮ್ಮೆ ಬೀಗ ಎಳೆಯುತ್ತಾನೆ.

ಅವನು ಹುಟ್ಟಿನಿಂದ ಹೀಗಿದ್ದವನಲ್ಲ. ಹೀಗಾಗಿದ್ದು ಒಂಬತ್ತು ವರ್ಷದಿಂದೀಚೆಗೆ. ಯಾಕೆ ಹೀಗಾದ ಅನ್ನುವುದು ಬೀದಿಗೆ ಗೊತ್ತಿಲ್ಲ. ನನಗೆ ಗೊತ್ತಿತ್ತು, ಆದರೆ ಗೊತ್ತಿದೆ ಎಂದು ಅವನಿಗೆ ಹೇಳುವ ಧೈರ್ಯ ಇರಲಿಲ್ಲ.

ನಮ್ಮದು ಉದ್ದನೆಯ ಗ್ಯಾರೇಜು. ಬೀದಿಯ ಕಡೆ ನನ್ನ ಬಿಡಿಭಾಗಗಳ ಅಂಗಡಿ: ಫಿಲ್ಟರು, ಬೆಲ್ಟು, ಗ್ಯಾಸ್ಕೆಟ್ಟು, ಬಲ್ಬು. ನಡುವೆ ಅವನ ಕೆಲಸದ ಜಾಗ, ಕಾರಿನ ಕೆಳಗೆ ಇಳಿಯುವ ಗುಂಡಿ, ಲೋಹ ಕಡೆಯುವ ಒಂದು ಲೇತು. ಹಿಂದಿನ ಗೋಡೆಗೆ ಒತ್ತಿ, ನೀಲಿ ತಾಡಪಾಲಿನ ಕೆಳಗೆ, ನನ್ನ ಗಂಡನ ಕಾರು. ಎಡ ಮುಂಭಾಗ ನುಜ್ಜುಗುಜ್ಜಾದ ಆ ಕಾರನ್ನು ಲಾರಿಯಿಂದ ಇಳಿಸಿದ ದಿನ ಮೈದುನ ತಾಡಪಾಲು ಹೊದಿಸಿದ. ಆಮೇಲೆ ಯಾರೂ ತೆಗೆದಿರಲಿಲ್ಲ. ಗಾಳಿ ಬೀಸಿ ತಾಡಪಾಲಿನ ಅಂಚು ಪಟಪಟ ಬಡಿದಾಗಲೆಲ್ಲ ಅವನು ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಅತ್ತ ತಿರುಗುತ್ತಿದ್ದ. ಅಂಗಡಿಯಲ್ಲಿ ಕೂತು ನಾನೂ ತಿರುಗುತ್ತಿದ್ದೆ. ಒಳಗಿನಿಂದ ಯಾರೋ ಬಾಗಿಲು ತೆಗೆಯಲು ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಹಾಡುಹಗಲು ಹನ್ನೆರಡು ಗಂಟೆಗೆ, ಎದುರಿಗೆ ಗಿರಾಕಿ ಬಲ್ಬು ಕೇಳುತ್ತ ನಿಂತಿರುವಾಗಲೇ ಹಾಗೆ ಅನ್ನಿಸುತ್ತಿತ್ತು.

ನಮ್ಮವರಿಗೆ ಆ ಕಾರಿನ ಹುಚ್ಚು. ಎರಡೇ ಬಾಗಿಲಿನ, ನೆಲಕ್ಕೆ ಅಂಟಿಕೊಂಡಂಥ ಹಳೆಯ ಸ್ಪೋರ್ಟ್ಸ್ ಕಾರು, ಟರ್ಬೊ ಇರುವ ಇಂಜಿನ್ನು. ಟರ್ಬೊ ಅಂದರೆ ಇಂಜಿನ್ ಬಿಡುವ ಹೊಗೆಯ ರಭಸದಿಂದಲೇ ಗಿರ್ರನೆ ತಿರುಗಿ, ಮತ್ತೆ ಅದೇ ಇಂಜಿನ್ನಿನ ಬಾಯಿಗೆ ಗಾಳಿ ತುರುಕುವ ಒಂದು ಫ್ಯಾನು. ಅಣ್ಣ ತಮ್ಮ ಸೇರಿ ಎರಡು ವರ್ಷ ಆ ಕಾರನ್ನು ಬಿಚ್ಚಿ ಜೋಡಿಸಿದ್ದರು. ಆದರೂ ನಮ್ಮವರಿಗೆ ಸಮಾಧಾನವಿಲ್ಲ. "ಟರ್ಬೊ ಅಷ್ಟೊಂದು ಗಾಳಿ ನೂಕ್ತಾ ಇದೆ, ಒಳಗೆ ಬಿಡೋ ಬಾಗಿಲು ನೋಡಿದ್ರೆ ಕೋಳಿಗೂಡಿಂದು. ದೊಡ್ಡದು ಹಾಕೋ" ಎಂದು ತಮ್ಮನ ಪ್ರಾಣ ತಿಂದರು.

ಆ ಬಾಗಿಲೇ ಥ್ರಾಟಲ್ ಬಾಡಿ. ಒಂದು ಅಲ್ಯೂಮಿನಿಯಂ ಕೊಳವೆ, ಅದರ ನಡುವೆ ಅಡ್ಡಲಾಗಿ ಒಂದು ಕಂಬಿ, ಕಂಬಿಗೆ ಎರಡು ಪುಟ್ಟ ಸ್ಕ್ರೂಗಳಿಂದ ಹಿಡಿಸಿದ ಒಂದು ದುಂಡು ತಟ್ಟೆ. ಆಕ್ಸಿಲರೇಟರ್ ಒತ್ತಿದರೆ ಕೇಬಲ್ ಎಳೆದು ತಟ್ಟೆ ತೆರೆಯುತ್ತದೆ, ಕಾಲು ಎತ್ತಿದರೆ ಸ್ಪ್ರಿಂಗು ಅದನ್ನು ಮುಚ್ಚುತ್ತದೆ. ಅರವತ್ತು ಮಿಲಿಮೀಟರಿನದನ್ನು ತೆಗೆದು ಎಪ್ಪತ್ತರದ್ದು ಹಾಕುವುದೆಂದು ತೀರ್ಮಾನಿಸಿದರು. ಮೈದುನ ಗುಜರಿಯಿಂದ ಒಂದು ದಪ್ಪ ಕೊಳವೆಯದನ್ನು ಹುಡುಕಿ ತಂದ, ಲೇತಿಗೆ ಕಟ್ಟಿ ಒಳಮೈ ಕೊರೆದ, ಹಿತ್ತಾಳೆ ತಗಡಿನಿಂದ ಹೊಸ ತಟ್ಟೆ ಕತ್ತರಿಸಿದ. ಮುಚ್ಚಿ ದೀಪಕ್ಕೆ ಹಿಡಿದರೆ ಸುತ್ತ ಎಲ್ಲೂ ಬೆಳಕು ನುಸುಳದ ಹಾಗೆ ಅದರ ಅಂಚನ್ನು ಅರದಿಂದ ಉಜ್ಜಿದ. ಇಂಜಿನ್ ಕಡೆಯ ಬಾಯಿಯನ್ನೂ ಅದೇ ಅಳತೆಗೆ ತೀಡಿದ. ಇಲ್ಲದಿದ್ದರೆ ದೊಡ್ಡ ಬಾಗಿಲಿಂದ ಬಂದ ಗಾಳಿ ಒಳಗೆ ಹೊಸ್ತಿಲು ಎಡವುತ್ತದೆ ಅಂದ. ಎಂಟು ದಿನ ಹಿಡಿಯಿತು.

ಜೋಡಿಸುವಾಗ ನನಗೂ ಒಂದು ಕೆಲಸವಿರುತ್ತಿತ್ತು. ಪಟ್ಟಿ ಹಿಡಿದು ಒಂದೊಂದೇ ಬೋಲ್ಟು ಕೇಳುವುದು, ಅವನು ಬಿಗಿ ಮಾಡಿ "ಆಯ್ತು" ಅಂದ ಮೇಲೆ ಅದರ ತಲೆಗೆ ನನ್ನ ಕೆಂಪು ಉಗುರುಬಣ್ಣದ ಒಂದು ಚುಕ್ಕಿ ಇಡುವುದು. ಚುಕ್ಕಿ ಬಿದ್ದದ್ದನ್ನು ಅವನು ಮತ್ತೆ ಮುಟ್ಟುತ್ತಿರಲಿಲ್ಲ. ಅತ್ತಿಗೆಯ ಚುಕ್ಕಿಯೆಂದರೆ ಅವನಿಗೆ ಅಷ್ಟು ನಂಬಿಕೆ.

ಆ ದಿನ ತಟ್ಟೆಯ ಎರಡು ಸ್ಕ್ರೂಗಳ ಸರದಿ. "ಮೊದಲನೇದು?" ಅಂದೆ. ಸಡಿಲಾಗದಿರಲೆಂದು ಹಾಕುವ ನೀಲಿ ಅಂಟನ್ನು ಸವರಿ ತಿರುಗಿಸಿದ, "ಆಯ್ತು" ಅಂದ. ಚುಕ್ಕಿ ಇಟ್ಟೆ. "ಎರಡನೇದು?" ಅಂದೆ. ಅದೇ ಹೊತ್ತಿಗೆ ನಮ್ಮವರು ಬೀದಿಯಿಂದ ಕೂಗಿದರು: "ಲೋ, ಸಂಜೆ ಒಳಗೆ ಕೊಡ್ತೀಯೇನೋ?"

"ಆಯ್ತು" ಅಂದ ಮೈದುನ. ನಾನು ಚುಕ್ಕಿ ಇಟ್ಟೆ.

ಈ ಪದದ ಕಿತಾಪತಿ ನೋಡಿ. ಕೆಲಸ ಮುಗಿದರೂ ಆಯ್ತು, ಇನ್ನು ಮೇಲೆ ಮಾಡುತ್ತೇನೆ ಅನ್ನಲೂ ಆಯ್ತು. ಅವನು ನನಗೆ ಬಿಗಿ ಮಾಡಿದ್ದೇನೆ ಅಂದನೋ, ಅಣ್ಣನಿಗೆ ಸರಿ ಕೊಡುತ್ತೇನೆ ಅಂದನೋ? ಆ ಗಳಿಗೆಯಲ್ಲಿ ನನಗೆ ಈ ಪ್ರಶ್ನೆಯೇ ಏಳಲಿಲ್ಲ. ನನ್ನ ಕಣ್ಣು ಪಟ್ಟಿಯ ಮೇಲಿತ್ತು, ಅವನ ಕೈಯ ಮೇಲಿರಲಿಲ್ಲ. ಮೂರನೇ ಸಾಲು ಓದಿದೆ.

ಸಂಜೆ ಕಾರು ಕೊಡುವಾಗ ಮೈದುನ ಒಂದು ಮಾತು ಹೇಳಿದ್ದ. "ಅಣ್ಣ, ಸ್ವಲ್ಪ ದಿನ ಕಾಲು ಹಗುರ ಇಡು. ಮೊದ್ಲು ಅರ್ಧ ಒತ್ತಿದ್ರೆ ಬರ್ತಿದ್ದ ಜೋರು ಈಗ ಮುಟ್ಟಿದ್ರೇ ಬರತ್ತೆ." ನಮ್ಮವರು ಅದನ್ನು ಕಿವಿ ಮೇಲೆ ಹಾಕಿಕೊಂಡರೋ ಇಲ್ಲವೋ ಗೊತ್ತಿಲ್ಲ. ಮುಖ ಮಾತ್ರ ಹಬ್ಬಿದ ನಗುವಿನಿಂದ ಹೊಳೆಯುತ್ತಿತ್ತು.

ಹನ್ನೊಂದನೆಯ ದಿನ ಬೆಳಿಗ್ಗೆ, ಗುಡ್ಡದ ರಸ್ತೆಯ ತಿರುವಿನಲ್ಲಿ, ಕಾರು ಬಂಡೆಗೆ ಬಡಿಯಿತು. ನಮ್ಮವರು ಅಲ್ಲೇ ಹೋದರು. ಮಗಳಿಗೆ ಆಗ ನಾಲ್ಕು ವರ್ಷ. ಪೊಲೀಸರು ಅತಿವೇಗ ಎಂದು ಬರೆದು ಕೈ ತೊಳೆದುಕೊಂಡರು. ಆದರೆ ರಸ್ತೆ ಬದಿಯ ಕಲ್ಲುಗಳಿಗೆ ಬಣ್ಣ ಬಳಿಯುತ್ತಿದ್ದವನೊಬ್ಬ ಎಲ್ಲವನ್ನೂ ನೋಡಿದ್ದ. ಅವನು ನಮ್ಮಿಬ್ಬರ ಎದುರಿಗೇ ಹೇಳಿದ: "ತಿರುವು ಬಂದ್ರೂ ಶಬ್ದ ಇಳೀಲೇ ಇಲ್ಲಮ್ಮ. ಮೇಲಿಂದ ಹ್ಯಾಗೆ ಕೂಗ್ತಾ ಬಂತೋ ಹಾಗೇ ಕೂಗ್ತಾ ಹೋಯ್ತು."

ಗ್ಯಾರೇಜಿನಲ್ಲಿ ಅಷ್ಟು ವರ್ಷ ಕೂತವಳಿಗೆ ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಒಂದು ಸ್ಕ್ರೂ ಸಡಿಲಾದರೆ ತಟ್ಟೆ ಓರೆಯಾಗಿ ಕೊಳವೆಗೆ ಕಚ್ಚಿಕೊಳ್ಳುತ್ತದೆ. ಕಾಲು ಎತ್ತಿದರೂ ಮುಚ್ಚುವುದಿಲ್ಲ, ಇಂಜಿನ್ ಕೂಗುತ್ತಲೇ ಇರುತ್ತದೆ. ಬಿಗಿ ಮಾಡದ ಸ್ಕ್ರೂಗೆ ಚುಕ್ಕಿ ಇಟ್ಟು ನನ್ನ ಗಂಡನನ್ನು ನಾನೇ ಕಳಿಸಿದೆ ಅಂದುಕೊಂಡೆ. ಪಕ್ಕದಲ್ಲಿ ಮೈದುನ ಗೋಡೆ ಹಿಡಿದು ಕೂತುಬಿಟ್ಟ.

ಅವತ್ತಿನಿಂದ ಅವನ ಬಾಯಲ್ಲಿ 'ಆಯ್ತು' ಅನ್ನುವ ಪದ ಬರಲಿಲ್ಲ. ಫೋನಿನಲ್ಲಿ ಗಿರಾಕಿ ನಾಳೆ ಬರುತ್ತೇನೆ ಅಂದರೆ "ಹೂಂ ಬನ್ನಿ" ಅನ್ನುತ್ತಿದ್ದ. ಬೋಲ್ಟು ಕೂತರೆ "ಬಿಗಿ" ಅನ್ನುತ್ತಿದ್ದ. ಊಟ ಸಾಕಾದರೆ ತಟ್ಟೆಯ ಮೇಲೆ ಕೈ ಅಡ್ಡ. ನಾನು ಮರೆತು ಆ ಪದ ಆಡಿದರೆ ಅವನ ತುತ್ತು ಬಾಯಿಯವರೆಗೆ ಬಂದು ನಿಂತುಬಿಡುತ್ತಿತ್ತು. ಹಾಗಾಗಿ ನಾನೂ ಬಿಟ್ಟೆ. ನಂಬದಿದ್ದರೆ ಕನ್ನಡದಲ್ಲಿ ಆ ಒಂದು ಪದ ಬಿಟ್ಟು ಒಂದು ದಿನ ಮಾತಾಡಿ ನೋಡಿ. ಬಾಯಲ್ಲಿ ಕಲ್ಲಿಟ್ಟುಕೊಂಡ ಹಾಗಾಗುತ್ತದೆ. ಮಗಳು ದೊಡ್ಡವಳಾದ ಮೇಲೆ ಅವಳಿಗೂ ಗೊತ್ತಾಯಿತೇನೋ, ಚಿಕ್ಕಪ್ಪನ ಎದುರು "ಓಕೆ" ಅಂದುಕೊಂಡು ಓಡಾಡುತ್ತಿದ್ದಳು.

ಆ ಸ್ಕ್ರೂ ತಾಡಪಾಲಿನ ಕೆಳಗೇ ಇತ್ತು. ಹತ್ತು ಹೆಜ್ಜೆ ನಡೆದು, ನಾಲ್ಕು ಬೋಲ್ಟು ಬಿಚ್ಚಿ, ಮುಟ್ಟಿ ನೋಡಿದರೆ ಸತ್ಯ ಗೊತ್ತಾಗುತ್ತಿತ್ತು. ಊರಿನ ಬೋಲ್ಟುಗಳನ್ನೆಲ್ಲ ಎರಡೆರಡು ಸಲ ಮುಟ್ಟುವವನು ಅದೊಂದನ್ನು ಮುಟ್ಟಲಿಲ್ಲ. ನಾನೂ ಮುಟ್ಟು ಅನ್ನಲಿಲ್ಲ. ಥ್ರಾಟಲ್ ದೊಡ್ಡದು ಮಾಡಿಕೊಡಿ ಎಂದು ಬಂದವರನ್ನೆಲ್ಲ "ಆ ಕೆಲಸ ನಾನು ಮಾಡಲ್ಲ" ಎಂದು ವಾಪಸ್ ಕಳಿಸುತ್ತಿದ್ದ.

ಈ ವರ್ಷ ಒಬ್ಬರು ಹಲ್ಲಿನ ಡಾಕ್ಟರು ಬಂದರು. ಅವರದೂ ಅದೇ ಕಾರು, ಅದೇ ಇಂಜಿನ್ನು, ಅದೇ ಆಸೆ. ಕೀಳುವುದರಲ್ಲಿ ಪಳಗಿದ ಮನುಷ್ಯ. ಇವನು ಆಗಲ್ಲ ಅಂದಷ್ಟೂ ಹಿಡಿದು ಎಳೆದರು. "ಬೇರೆ ಕಡೆ ಕೊರೆಸಿದ್ದೆ ಮೇಸ್ತ್ರಿ, ಕೊಳವೆ ಗೋಡೆ ತೆಳ್ಳಗಾಗಿ ಸೀಳು ಬಿಡ್ತು. ನೀವೇ ಮಾಡ್ಬೇಕು." ಇವನು ತಲೆ ಅಲ್ಲಾಡಿಸಿದ. ಅಷ್ಟರಲ್ಲಿ ಅವರ ಕಣ್ಣು ತಾಡಪಾಲಿನ ಅಂಚಿನಿಂದ ಇಣುಕುತ್ತಿದ್ದ ಹಿಂದೀಪದ ಮೇಲೆ ಬಿತ್ತು. "ಅದೇ ಕಾರಲ್ವಾ ಅದು? ಅದರಲ್ಲಿ ದೊಡ್ಡದು ಹಾಕಿದೀರಾ? ಸುಮ್ನೆ ಧೂಳು ತಿಂತಾ ಇದೆಯಲ್ಲ, ಆ ಥ್ರಾಟಲ್ ಬಾಡಿ ನನಗೇ ಕೊಟ್ಬಿಡಿ."

ಮೈದುನನ ಮುಖ ಬಿಳುಚಿತು. ಅವನು ಮತ್ತೆ ತಲೆ ಅಲ್ಲಾಡಿಸುವುದರೊಳಗೆ ಅಂಗಡಿಯಿಂದ ನನ್ನ ಬಾಯಿ ಹೊರಟಿತು. "ಕೊಡ್ತೀವಿ ಡಾಕ್ಟ್ರೆ. ಭಾನುವಾರ ಗಾಡಿ ತಗೊಂಡು ಬನ್ನಿ." ಯಾಕೆ ಹೇಳಿದೆನೋ ಈಗಲೂ ಸರಿಯಾಗಿ ಹೇಳಲಾರೆ. ಸಾಕಾಗಿ ಹೋಗಿತ್ತು. ಅಪರಾಧಿಯಾದರೆ ಅಪರಾಧಿಯೇ ಆಗಲಿ, ಆ ತಾಡಪಾಲು ಇನ್ನೊಂದು ಮಳೆಗಾಲ ಬಡಿಯುವುದನ್ನು ಕೇಳುತ್ತ ಕೂರಲಾರೆ ಅನ್ನಿಸಿತು.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಶಟರ್ ಅರ್ಧ ಎಳೆದು ಇಬ್ಬರೂ ಹಿಂದಕ್ಕೆ ಹೋದೆವು.

"ನೀವು ಅಂಗಡೀಲಿರಿ ಅತ್ತಿಗೆ."

"ಇರಲ್ಲ."

ಅವನು ತಾಡಪಾಲಿನ ಹಗ್ಗಕ್ಕೆ ಕೈ ಹಾಕಿ ನಿಂತ. ನನ್ನ ಕಡೆ ತಿರುಗಲಿಲ್ಲ. "ತೆಗೆಯೋಕೆ ಮುಂಚೆ ನಿಮಗೊಂದು ಮಾತು ಹೇಳ್ಬೇಕು. ಹೇಳಿದ್ಮೇಲೆ ನೀವು ನನ್ನನ್ನ ಮನೆಯಿಂದ ಆಚೆ ಹಾಕಿದ್ರೂ ಸರಿ."

"ಎರಡನೇ ಸ್ಕ್ರೂ" ಅಂದೆ.

ಅವನು ಗರ ಬಡಿದವನ ಹಾಗೆ ತಿರುಗಿದ. "ನಿಮಗೆ ಗೊತ್ತಿತ್ತಾ?"

"ಚುಕ್ಕಿ ಇಟ್ಟವಳು ನಾನಲ್ವೇನೋ? ನನ್ನ ಕಣ್ಣೆಲ್ಲಿತ್ತು ಅವತ್ತು?"

"ಚುಕ್ಕಿ ತಪ್ಪಲ್ಲ ಅತ್ತಿಗೆ. ಆ ಮಾತು ನಾನು ಅಣ್ಣನಿಗೆ ಹೇಳಿದ್ದು. ತಿರುಗಿ ನೋಡಿದ್ರೆ ಚುಕ್ಕಿ ಬಿದ್ದಿತ್ತು. ಬಿಗಿ ಮಾಡಿದೀನೋ ಇಲ್ವೋ ಅಂತ ನನಗೇ ನೆನಪಾಗ್ಲಿಲ್ಲ. ಅತ್ತಿಗೆ ಇಟ್ಟಿದಾರಲ್ಲ ಅಂತ ಬಿಟ್ಬಿಟ್ಟೆ. ಇನ್ನೊಂದು ಸಲ ಮುಟ್ಟಿ ನೋಡಿದ್ರೆ ಏನಾಗ್ತಿತ್ತು ನನಗೆ?"

ಒಂದೇ ಮನೆಯಲ್ಲಿ ಒಂಬತ್ತು ವರ್ಷ ಒಂದೇ ಕಲ್ಲನ್ನು ಇಬ್ಬರೂ ಬೇರೆ ಬೇರೆ ಹೊತ್ತಿದ್ದೆವು. ಅವನ ಮೇಲೆ ನನಗೆ ಸಿಟ್ಟು ಬರಬೇಕಿತ್ತೇನೋ, ಬರಲಿಲ್ಲ. ಪಾಪ ಅನ್ನಿಸಿತು.

ಹಗ್ಗ ಕೊಯ್ದು ತಾಡಪಾಲು ಎಳೆದ. ಧೂಳು, ಇಲಿ ಕಡಿದ ಹತ್ತಿಯ ಉಂಡೆ, ಎಲ್ಲ ಕಡೆ ಜೇಡರ ಬಲೆ. ಮಡಚಿಕೊಂಡಿದ್ದ ಬಾನೆಟ್ಟನ್ನು ಕತ್ತರಿಸಿ ಸರಿಸಿದ. ಇಂಜಿನ್ನಿನ ಈ ಪಕ್ಕ ಪೆಟ್ಟು ತಿಂದಿರಲಿಲ್ಲ. ಗಾಳಿಯ ಕೊಳವೆ ಕಳಚಿದ, ನಾಲ್ಕು ಬೋಲ್ಟು ಬಿಚ್ಚಿದ. ಹೊರಗಿನ ಚುಕ್ಕಿಗಳೆಲ್ಲ ತುಕ್ಕಿನ ಬಣ್ಣಕ್ಕೆ ತಿರುಗಿದ್ದವು. ಥ್ರಾಟಲ್ ಬಾಡಿಯನ್ನು ಎರಡೂ ಕೈಯಲ್ಲಿ ಎತ್ತಿ ಕೆಲಸದ ಮೇಜಿನ ಮೇಲೆ ಇಟ್ಟ. ಒಳಗೆ, ಧೂಳು ತಲುಪದ ಜಾಗದಲ್ಲಿ, ಆ ಎರಡು ಚುಕ್ಕಿಗಳು ನಿನ್ನೆ ಇಟ್ಟಷ್ಟು ಕೆಂಪಗಿದ್ದವು.

ಅವನು ಸ್ಕ್ರೂಡ್ರೈವರ್ ಹಿಡಿದು ಎರಡನೆಯ ಸ್ಕ್ರೂ ಮೇಲೆ ಇಟ್ಟ. ಬೆನ್ನು ನನ್ನ ಕಡೆಗಿತ್ತು. ತುಂಬ ಹೊತ್ತಿನ ಮೇಲೆ "ಬಿಗಿಯಾಗಿದೆ" ಅಂದ.

ನಾನು ನಂಬಲಿಲ್ಲ. ನನ್ನ ಸಮಾಧಾನಕ್ಕೆ ಸುಳ್ಳು ಹೇಳುವ ಜಾತಿಯವನೇ ಅವನು. "ಕೊಡಿಲ್ಲಿ" ಎಂದು ಕಿತ್ತುಕೊಂಡು ನಾನೇ ತಿರುಗಿಸಿದೆ. ಅಂಗೈ ಕೆಂಪಾಗುವವರೆಗೆ ಒತ್ತಿದೆ. ಅದು ಕದಲಲಿಲ್ಲ.

"ಅಂಟು ಹಿಡಿದಿರಬಹುದು ಕಣೋ. ಸಡಿಲ ಇದ್ದದ್ದೇ ಅಂಟಿಕೊಂಡಿರಬಹುದು."

ಅವನಿಗೂ ಅದೇ ಅನುಮಾನ. ಸಂದು ಅಳೆಯುವ ತೆಳು ತಗಡುಗಳ ಗೊಂಚಲು ತಂದು, ಅದರಲ್ಲಿ ಎಲ್ಲಕ್ಕಿಂತ ತೆಳ್ಳನೆಯದನ್ನು ಸ್ಕ್ರೂ ತಲೆಯ ಕೆಳಗೆ ತೂರಿಸಲು ನೋಡಿದ. ಕಾಗದಕ್ಕಿಂತ ತೆಳು ತಗಡು ಅದು, ಹೋಗಲಿಲ್ಲ. ಸುತ್ತ ಎಲ್ಲಿ ಪ್ರಯತ್ನಿಸಿದರೂ ಹೋಗಲಿಲ್ಲ. ತಟ್ಟೆಯನ್ನು ಬೆರಳಿನಿಂದ ಪೂರ್ತಿ ತೆರೆದು ಬಿಟ್ಟ. ಟಪ್ ಎಂದು ಮುಚ್ಚಿಕೊಂಡಿತು. ಹತ್ತು ಸಲ ಬಿಟ್ಟ, ಹತ್ತು ಸಲವೂ ಟಪ್. ಆ ದಿನ ಅವನ ಕೈ ತನ್ನ ಪಾಡಿಗೆ ಬಿಗಿ ಮಾಡಿತ್ತು. ತಲೆಗೆ ನೆನಪಿರಲಿಲ್ಲ, ಅಷ್ಟೇ.

"ನಾವಲ್ಲ ಅತ್ತಿಗೆ" ಅಂದ. ಅಳುತ್ತಿದ್ದನೋ ನಗುತ್ತಿದ್ದನೋ ತಿಳಿಯಲಿಲ್ಲ. ನನಗೂ ನಗು ಬಂತು. ಹುಚ್ಚು ಹಿಡಿದವರ ಹಾಗೆ ಮೇಜು ಹಿಡಿದು ಇಬ್ಬರೂ ನಕ್ಕೆವು. ಒಂಬತ್ತು ವರ್ಷದಿಂದ ನನ್ನ ಎದೆ ಅಷ್ಟು ಹಗುರಾಗಿರಲಿಲ್ಲ.

ಮೊದಲು ಅವನ ನಗು ನಿಂತಿತು. ಹೋಗಿ ಕಾರಿನ ಬಾಗಿಲು ಜಗ್ಗಿ ತೆಗೆದ, ಸೀಟಿನ ಮುಂದೆ ಮೊಣಕಾಲೂರಿದ. ಆಕ್ಸಿಲರೇಟರ್ ಪೆಡಲನ್ನು ಕೈಯಿಂದ ಒತ್ತಿ ಬಿಟ್ಟ. ಸಲೀಸಾಗಿ ಮೇಲೆ ಬಂತು. ಕೇಬಲ್ಲು ಎಳೆದ, ಎಲ್ಲೂ ಹಿಡಿಯಲಿಲ್ಲ. ಕಾಲಡಿಯ ಮ್ಯಾಟು ಪೆಡಲಿನಿಂದ ಒಂದು ಗೇಣು ಹಿಂದಿತ್ತು, ಅದೂ ಪೆಡಲನ್ನು ತಡೆದಿರಲಾರದು. ಅವನು ಇನ್ನೊಂದು ಸಲ ಒತ್ತಿದ, ಇನ್ನೊಂದು ಸಲ, ಮತ್ತೂ ಒಂದು ಸಲ. ಅವನು ಏನು ಹುಡುಕುತ್ತಿದ್ದಾನೆಂದು ನನಗೆ ಆಗ ಹೊಳೆಯಿತು. ಬಣ್ಣ ಬಳಿಯುವವನು ಸುಳ್ಳು ಹೇಳಿರಲಿಲ್ಲ. ಶಬ್ದ ಇಳಿದಿರಲಿಲ್ಲ.

"ಅತ್ತಿಗೆ, ಹಾಗಾದ್ರೆ ಅಣ್ಣ…"

"ಕೈ ತೊಳ್ಕೊಂಡು ಬಾ, ಚಹಾ ಇಡ್ತೀನಿ" ಎಂದು ಹೊರಟುಬಂದೆ.

ಭಾನುವಾರ ಡಾಕ್ಟರು ಬಂದಾಗ ಮುಚ್ಚುಮರೆ ಇಲ್ಲದೆ ಹೇಳಿದೆ, ಇದು ನನ್ನ ಗಂಡ ತೀರಿಕೊಂಡ ಕಾರಿನದು ಎಂದು. ಅವರು ಕನ್ನಡಕ ತೆಗೆದು ಒರೆಸಿದರು. "ಇದರಲ್ಲಿ ದೋಷ ಇಲ್ಲ ತಾನೇ?" ಎಂದು ಮೆಲ್ಲಗೆ ಕೇಳಿದರು. "ಇಲ್ಲ" ಅಂದ ಮೈದುನ. ಆ ಒಂದು 'ಇಲ್ಲ' ಹೇಳಲು ಅವನಿಗೆ ಎಷ್ಟು ಕಷ್ಟವಾಯಿತೆಂದು ನಾನೊಬ್ಬಳೇ ಬಲ್ಲೆ. ಬೆಳಿಗ್ಗೆಯಿಂದ ಕೂತು ಡಾಕ್ಟರ ಇಂಜಿನ್ನಿನ ಬಾಯಿಯನ್ನು ಎಪ್ಪತ್ತರ ಅಳತೆಗೆ ತೀಡಿದ, ಪುಡಿ ಒಂದಿಷ್ಟೂ ಒಳಗೆ ಉಳಿಯದ ಹಾಗೆ ಒರೆಸಿದ, ಹೊಸ ಗ್ಯಾಸ್ಕೆಟ್ ಕತ್ತರಿಸಿ ಕೂರಿಸಿದ. ನಾನು ಪಟ್ಟಿ ಓದಿದೆ. ಈ ಸಲ ಅವನ ಕೈಯನ್ನೇ ನೋಡುತ್ತ ಚುಕ್ಕಿ ಇಟ್ಟೆ. ಕೊನೆಗೆ ಡಾಕ್ಟರು ಕೀಲಿ ತಿರುಗಿಸುವ ಹೊತ್ತಿಗೆ ಮೈದುನ ಕೈ ಅಡ್ಡ ಹಿಡಿದು ಬಾನೆಟ್ ಮತ್ತೆ ಎತ್ತಿಸಿದ. ಕಾರಣ ಹೋದರೂ ಅಭ್ಯಾಸ ಹೋಗಲಿಲ್ಲ.

"ಕಾಲು ಹಗುರ ಇಡಿ ಡಾಕ್ಟ್ರೆ" ಅಂದ.

ಕಾರು ಹೊರಟಿತು. ನಮ್ಮ ಬೀದಿ ಉದ್ದಕ್ಕೂ ನೇರ, ಕೊನೆಯಲ್ಲಿ ಎಡಕ್ಕೆ ಒಂದು ತಿರುವು. ಡಾಕ್ಟರಿಗೆ ಹೊಸ ಹುರುಪು, ಒತ್ತಿದರು. ಟರ್ಬೊ ಸಿಳ್ಳೆ ಹಾಕಿತು, ಇಂಜಿನ್ ಕೂಗಿತು. ಅದೇ ಕೂಗು, ಅದೇ ತಟ್ಟೆಯೊಳಗಿಂದ ಹಾಯುತ್ತಿದ್ದ ಗಾಳಿ. ಗ್ಯಾರೇಜಿನ ಬಾಗಿಲಲ್ಲಿ ನಾವಿಬ್ಬರೂ ಉಸಿರು ಬಿಗಿಹಿಡಿದು ನಿಂತೆವು. ತಿರುವು ಹತ್ತಿರ ಬಂತು. ಶಬ್ದ ಇಳಿಯಿತು. ಕಾರು ಮೆಲ್ಲಗೆ ಎಡಕ್ಕೆ ಹೊರಳಿ ಮರೆಯಾಯಿತು.

ಕಾಲು ಎತ್ತುವುದು ಅಷ್ಟೇ ಕೆಲಸ. ಹಲ್ಲು ಕೀಳುವ ಮನುಷ್ಯ ಮೊದಲ ದಿನವೇ, ಯೋಚಿಸದೆ, ಮಾಡಿ ಹೋದ. ಸ್ಕ್ರೂ ಸಡಿಲಾಗಿತ್ತು ಎಂದು ನಾನು ನಂಬಿದ್ದಷ್ಟು ಕಾಲ ನಮ್ಮವರು ಮನೆಗೆ ಬರಲೆಂದೇ ಹೊರಟವರಾಗಿದ್ದರು, ನಾವು ಅವರನ್ನು ದಾರಿಯಲ್ಲಿ ತಡೆದಿದ್ದೆವು. ಆ ತಪ್ಪನ್ನು ಹೊತ್ತುಕೊಂಡು ನನಗೆ ಬದುಕುವುದು ಗೊತ್ತಿತ್ತು. ಈಗ ಆ ತಿರುವಿನಲ್ಲಿ ಅವರೊಬ್ಬರೇ ಇದ್ದಾರೆ, ಮನೆಯಲ್ಲಿ ನಾಲ್ಕು ವರ್ಷದ ಮಗಳನ್ನು ಬಿಟ್ಟು ಬಂದು, ಕಾಲು ಒತ್ತಿಕೊಂಡೇ ಇದ್ದಾರೆ.

"ಯಾಕೆ ಎತ್ಲಿಲ್ಲ ಅತ್ತಿಗೆ?" ಮೈದುನ ಬೀದಿಯನ್ನೇ ನೋಡುತ್ತ ಚಿಕ್ಕ ಹುಡುಗನ ದನಿಯಲ್ಲಿ ಕೇಳಿದ.

"ನನ್ನನ್ನೇನು ಕೇಳ್ತೀಯ, ಹೋಗಿ ನಿಮ್ಮಣ್ಣನ್ನ ಕೇಳು!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕಿರುಚಿದೆ. ಗಂಡ ಸತ್ತ ಮೇಲೆ ಅವರ ಮೇಲೆ ನಾನು ಸಿಟ್ಟಾಗಿದ್ದು ಅದೇ ಮೊದಲು.